ಗರಗಸಕ್ಕೆ ದಾರಿ ತೋರುವ ತುಂಡು

ತಾತ ನೆಟ್ಟ ಮರವನ್ನು ಕಡಿಸಿ ಮೊಮ್ಮಗನ ಮನೆಗೆ ಬಾಗಿಲು ಮಾಡಿಸುವ ಪದ್ಧತಿ ನಮ್ಮ ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ ಇಂದಿಗೂ ನಿಂತಿಲ್ಲ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳಲ್ಲಿ ಹೊಲಗಳೆಷ್ಟೋ ನಿವೇಶನಗಳಾಗಿ ಹೋಗಿವೆ. ಆದರೂ ಬದುವಿನ ಮೇಲಣ ಬೇವು, ಹಿತ್ತಿಲ ಹಲಸು, ತೋಟದ ಮಾವು, ಬೇಲಿಸಾಲಿನ ಸಿಲ್ವರ್ ಓಕ್ ಇವು ಟ್ರ್ಯಾಕ್ಟರಿನ ಮೇಲೇರಿ ಮರ ಕೊಯ್ಯುವ ಮಿಲ್ಲಿಗೆ ಬರುತ್ತಲೇ ಇವೆ. ಅಂಗಡಿಯಲ್ಲಿ ಹಣ ಕೊಟ್ಟು ತಂದ ಮರ ಕೆಟ್ಟರೆ ಮತ್ತೊಂದನ್ನು ತರಬಹುದು. ಮನೆಯ ಹಿರಿಯರು ನೀರೆರೆದು ಬೆಳೆಸಿದ ಮರಕ್ಕೆ ಮತ್ತೊಂದೆಂಬುದಿಲ್ಲ. ಐವತ್ತು ಅರವತ್ತು ವರ್ಷ ಬೆಳೆದದ್ದು ಗರಗಸದ ಮುಂದೆ ಅರ್ಧ ಗಂಟೆಯಲ್ಲಿ ಹಲಗೆಯಾಗುತ್ತದೆ; ಆ ಅರ್ಧ ಗಂಟೆಯಲ್ಲಿ ಅದು ನೆಟ್ಟಗಾದರೆ ಆಯಿತು, ಸೊಟ್ಟಗಾದರೆ ಹೋಯಿತು.

ಮಿಲ್ಲಿಗೆ ಬಂದ ಗೃಹಸ್ಥರು ಘನ ಅಡಿಗೆ ಎಷ್ಟು ಕೂಲಿ ಎಂದು ಕೇಳುತ್ತಾರೆ. ಇಂದೇ ಕೊಯ್ದು ಕೊಡುವಿರಾ ಎಂದು ಕೇಳುತ್ತಾರೆ. ಗರಗಸದ ಹಲ್ಲು ಹರಿತವಾಗಿದೆಯೇ ಎಂದು ಕೇಳುವವರೂ ಉಂಟು. ಆದರೆ ಹಲಗೆಯ ನೇರವನ್ನು ಬಹುಮಟ್ಟಿಗೆ ತೀರ್ಮಾನಿಸುವ ಪುಟ್ಟ ಭಾಗವೊಂದರ ಕಡೆಗೆ ಯಾರ ದೃಷ್ಟಿಯೂ ಹರಿಯುವುದಿಲ್ಲ. ಅದೇ ಗೈಡು. ಅದನ್ನು ಮಾರ್ಗದರ್ಶಿಯೆಂದು ಕನ್ನಡಿಸಬಹುದಾದರೂ ಮಿಲ್ಲಿನಲ್ಲಿ ಯಾರೂ ಹಾಗೆ ಕರೆಯುವುದಿಲ್ಲವಾದ್ದರಿಂದ ನಾವೂ ಗೈಡೆಂದೇ ಕರೆಯೋಣ. ಓಡುವ ಗರಗಸದ ಪಟ್ಟಿಯ ಎಡಬಲಗಳಲ್ಲಿ, ದಿಮ್ಮಿಯ ಮೇಲೊಂದು ಕೆಳಗೊಂದು ಜೋಡಿಯಾಗಿ ನಿಂತಿರುವ ಅಂಗೈಯಗಲದ ತುಂಡುಗಳವು. ಇಡೀ ಯಂತ್ರದಲ್ಲಿ ಅವಕ್ಕಿಂತ ಅಗ್ಗದ ವಸ್ತು ಬಹುಶಃ ಇನ್ನೊಂದಿಲ್ಲ.

ಮಠದ ಸಂಸ್ಕೃತ ಪಾಠಶಾಲೆಯಲ್ಲಿ ಓದಿ, ವ್ಯಾಕರಣ ಪಾಠ ಹೇಳುತ್ತ ಆಯುಷ್ಯದ ಬಹುಭಾಗವನ್ನು ಕಳೆದ ನಮಗೂ ಮರದ ಮಿಲ್ಲಿಗೂ ಎಲ್ಲಿಯ ನಂಟು ಎಂದು ಓದುಗ ಬಂಧುಗಳು ಕೇಳಬಹುದು. ನಿವೃತ್ತರಾದ ಮೇಲೆ ನಾವು ದೊಡ್ಡಬಳ್ಳಾಪುರ ತಾಲ್ಲೂಕಿನಲ್ಲಿರುವ ತಮ್ಮನ ಮನೆಯಲ್ಲಿ ನೆಲೆಸಿದ್ದೇವೆ. ತಮ್ಮನ ಮಗ ನಡೆಸುವುದು ಮರ ಕೊಯ್ಯುವ ಮಿಲ್ಲು. ಸುಮ್ಮನೆ ಕುಳಿತು ಉಣ್ಣುವುದು ಒಗ್ಗದೆ, ಬೆಳಗಿನ ಹೊತ್ತು ಅಲ್ಲಿ ಹೋಗಿ ಲೆಕ್ಕದ ಪುಸ್ತಕ ಬರೆಯುತ್ತ ಬಂದೆವು. ನಾವು ಕುಳಿತುಕೊಳ್ಳುವ ಮೇಜಿನಿಂದ ಗರಗಸದ ಕಟ್ಟೆ ಇಪ್ಪತ್ತು ಅಡಿಯೂ ದೂರವಿಲ್ಲ. ಅಲ್ಲಿ ಮೂವತ್ತು ವರ್ಷಗಳಿಗೂ ಮಿಕ್ಕು ಕೆಲಸ ಮಾಡಿದ ಹಿರಿಯ ಮೇಸ್ತ್ರಿಯೊಬ್ಬರಿದ್ದಾರೆ. ಪ್ರತಿದಿನ ಯಂತ್ರ ಓಡಿಸುವ ಮುನ್ನ ಅವರು ಗೈಡಿನ ಮುಂದೆ ಬಗ್ಗಿ ಕುಳಿತು ಕಾಗದದ ಚೂರೊಂದನ್ನು ಸಂದಿಯಲ್ಲಿ ಆಡಿಸಿ ನೋಡುವುದನ್ನು ಕಂಡು, ಒಂದು ದಿನ ಕುತೂಹಲ ತಡೆಯಲಾರದೆ, “ಮೇಸ್ತ್ರಿಗಳೇ, ಗರಗಸವನ್ನು ಬಿಗಿಯಾಗಿ ಹಿಡಿದುಕೊಳ್ಳುವುದಕ್ಕಲ್ಲವೇ ಗೈಡು ಇರುವುದು? ನೀವೇಕೆ ಸಂದಿ ಬಿಡುತ್ತೀರಿ?” ಎಂದು ಕೇಳಿದೆವು. ಅವರು ತಲೆಯೆತ್ತದೆಯೇ ಹೇಳಿದರು: “ಅಯ್ನೋರೆ, ಇದು ಹಿಡ್ಕೊಳಕ್ಕೆ ಇರೋದಲ್ಲ. ದಾರಿ ಬಿಟ್ಟು ಹೋಗ್ದಂಗೆ ನೋಡ್ಕೊಳಕ್ಕೆ ಇರೋದು.” ಈ ಲೇಖನದ ತಿರುಳೆಲ್ಲ ಆ ಎರಡು ಮಾತಿನಲ್ಲೇ ಇದೆ. ಉಳಿದದ್ದು ಅದರ ವಿವರಣೆ.

ಮಿಲ್ಲುಗಳು ಬರುವ ಮುನ್ನ ದಿಮ್ಮಿಯನ್ನು ಎತ್ತರದ ಆಸರೆಯ ಮೇಲೇರಿಸಿ, ಒಬ್ಬನು ಮೇಲೆ ನಿಂತು ಒಬ್ಬನು ಕೆಳಗೆ ನಿಂತು, ಉದ್ದನೆಯ ಕೈಗರಗಸವನ್ನು ಎಳೆದಾಡಿ ಕೊಯ್ಯುತ್ತಿದ್ದರು. ಮಸಿಯಲ್ಲಿ ಅದ್ದಿದ ದಾರವನ್ನು ಎಳೆದು ಹೊಡೆದು ದಿಮ್ಮಿಯ ಮೇಲೆ ಗೆರೆ ಮೂಡಿಸುವುದು. ಆ ಗೆರೆಯ ಮೇಲೆ ಕಣ್ಣಿಟ್ಟು ಕೊಯ್ಯುವುದು. ಗರಗಸ ಗೆರೆ ಬಿಟ್ಟರೆ ಮೇಲಿನವನ ಕೈಗೆ ಅದು ಆ ಕ್ಷಣವೇ ತಿಳಿಯುತ್ತಿತ್ತು. ಅವನು ಅಲ್ಲಿಯೇ ತಿದ್ದುತ್ತಿದ್ದನು. ಅಂದು ಮನುಷ್ಯನ ಕಣ್ಣು ಕೈಗಳೇ ಗೈಡಾಗಿದ್ದವು.

ಪಟ್ಟಿಗರಗಸ, ಎಂದರೆ ಬ್ಯಾಂಡ್ ಸಾ, ಬಂದಾಗ ಈ ಏರ್ಪಾಡು ತಪ್ಪಿತು. ಇಂಗ್ಲೆಂಡಿನ ವಿಲಿಯಂ ನ್ಯೂಬೆರಿ ಎಂಬುವನು ೧೮೦೮ರಲ್ಲಿಯೇ ಇದಕ್ಕೆ ಪೇಟೆಂಟು ಪಡೆದಿದ್ದನು. ಆದರೆ ಉಕ್ಕಿನ ಪಟ್ಟಿಯ ಎರಡು ತುದಿಗಳನ್ನು ಬಾಳುವಂತೆ ಬೆಸೆಯುವುದು ಸಾಧ್ಯವಾಗದೆ ಆ ಯಂತ್ರ ಬಹುಕಾಲ ಬಳಕೆಗೆ ಬರಲಿಲ್ಲ. ೧೮೪೬ರಲ್ಲಿ ಫ್ರಾನ್ಸಿನ ಆನ್ ಪೋಲಿನ್ ಕ್ರೆಪೆನ್ ಎಂಬ ಮಹಿಳೆ ಬೆಸುಗೆಯ ವಿಧಾನವೊಂದಕ್ಕೆ ಪೇಟೆಂಟು ಪಡೆದ ಬಳಿಕ ಅದರ ಏಳಿಗೆಯ ದಾರಿ ತೆರೆಯಿತು. ಇಂದು ನಮ್ಮ ತಾಲ್ಲೂಕುಗಳ ಮಿಲ್ಲುಗಳಲ್ಲಿ ಕಾಣುವುದು ಈ ಬಗೆಯದೇ. ಕೆಳಗೊಂದು ಗಾಲಿ, ಮೇಲೊಂದು ಗಾಲಿ, ಅವೆರಡರ ಮೇಲೆ ಎಳೆದು ಬಿಗಿದ ಹಲ್ಲಿನ ಪಟ್ಟಿ. ೩೬ ಅಂಗುಲ ವ್ಯಾಸದ ಗಾಲಿ ನಿಮಿಷಕ್ಕೆ ೭೦೦ ಸುತ್ತು ತಿರುಗಿದರೆ ಪಟ್ಟಿ ಸೆಕೆಂಡಿಗೆ ಸುಮಾರು ೩೩ ಮೀಟರು ಓಡುತ್ತದೆ. ಗಂಟೆಯ ಲೆಕ್ಕದಲ್ಲಿ ಅದು ೧೨೦ ಕಿಲೋಮೀಟರು! ಈ ವೇಗದಲ್ಲಿ ಗೆರೆ ಬಿಟ್ಟ ಗರಗಸವನ್ನು ಯಾವ ಕೈ ತಿದ್ದೀತು? ಕೈ ಮಾಡುತ್ತಿದ್ದ ಕೆಲಸವನ್ನು ಯಂತ್ರದಲ್ಲಿ ಗೈಡು ಮಾಡಬೇಕಾಯಿತು.

ಪಟ್ಟಿ ತೆಳುವಾದದ್ದು. ಹಲ್ಲಿನ ಕಡೆಯಿಂದ ದಿಮ್ಮಿ ಒತ್ತಿದಾಗ ಅದು ಹಿಂದಕ್ಕೆ ಸರಿಯಲು ನೋಡುತ್ತದೆ. ಗಂಟು ಸಿಕ್ಕಿದಾಗ ಪಕ್ಕಕ್ಕೆ ಬಾಗಲು ನೋಡುತ್ತದೆ. ಮೇಲಿನ ಗೈಡಿಗೂ ಕೆಳಗಿನ ಗೈಡಿಗೂ ನಡುವೆ ಬೆಂಬಲವಿಲ್ಲದೆ ಓಡುವ ಉದ್ದ ಹೆಚ್ಚಿದಷ್ಟೂ ಈ ಬಾಗುವಿಕೆ ಹೆಚ್ಚು. ಆ ಉದ್ದ ಎರಡು ಪಟ್ಟಾದರೆ ಬಾಗುವಿಕೆ ಎರಡು ಪಟ್ಟಿಗೂ ಮೀರುತ್ತದೆ. ಬಿದಿರಿನ ಸೀಳೊಂದನ್ನು ಗೇಣು ಅಂತರದಲ್ಲಿ ಹಿಡಿದು ನಡುವೆ ಒತ್ತಿ ನೋಡಿ, ಮೊಳ ಅಂತರದಲ್ಲಿ ಹಿಡಿದು ಒತ್ತಿ ನೋಡಿ. ವ್ಯತ್ಯಾಸ ತಾನೇ ತಿಳಿಯುತ್ತದೆ. ಆದ್ದರಿಂದ ಮೇಲಿನ ಗೈಡನ್ನು ದಿಮ್ಮಿಯ ಮೈಯಿಂದ ಒಂದೆರಡು ಅಂಗುಲವಷ್ಟೇ ಮೇಲಿರುವಂತೆ ಇಳಿಸಿಕೊಳ್ಳಬೇಕು.

ದೊಡ್ಡಬಳ್ಳಾಪುರವು ನೇಕಾರರ ಊರು. ಮಗ್ಗವನ್ನು ಬಲ್ಲವರಿಗೆ ಇದನ್ನು ಬಹಳ ವಿವರಿಸಬೇಕಾಗಿಲ್ಲ. ಮಗ್ಗದ ಹಣಿಗೆ ಹಾಸಿನ ಎಳೆಗಳನ್ನು ಹಿಡಿದುಕೊಳ್ಳುವುದಿಲ್ಲ. ಹಿಡಿದರೆ ಎಳೆ ಹರಿಯುತ್ತದೆ. ಒಂದೊಂದು ಎಳೆಯೂ ತನ್ನ ಸಂದಿಯಲ್ಲಿ ತಾನಿರುವಂತೆ ಅದು ಕಾಯುತ್ತದೆ, ಅಷ್ಟೆ. ಗೈಡೂ ಹಾಗೆಯೇ. ಗರಗಸ ನೆಟ್ಟಗೆ ಓಡುತ್ತಿರುವಾಗ ಗೈಡು ಅದನ್ನು ಹೆಚ್ಚುಕಡಮೆ ಮುಟ್ಟುವುದೇ ಇಲ್ಲ. ಅದು ಪಕ್ಕಕ್ಕೆ ವಾಲಿದೊಡನೆ ಮಾತ್ರ ತಡೆಯುತ್ತದೆ.

ಗೈಡು ಕೆಟ್ಟರೆ ಏನಾಗುತ್ತದೆಂಬುದನ್ನು ನಾವು ಕಣ್ಣಾರೆ ಕಂಡದ್ದುಂಟು. ತೂಬಗೆರೆಯ ಸುತ್ತಿನ ಹಲಸಿನ ಹೆಸರನ್ನು ಕೇಳದವರು ನಮ್ಮ ಕಡೆ ವಿರಳ. ಆ ಸೀಮೆಯ ಪರಿಚಿತ ಕುಟುಂಬವೊಂದು ಒಣಗುತ್ತಿದ್ದ ಹಳೆಯ ಹಲಸಿನ ಮರವನ್ನು ಕಡಿಸಿ, ಹೊಸ ಮನೆಯ ಹೆಬ್ಬಾಗಿಲಿಗೂ ದೇವರ ಕೋಣೆಯ ಬಾಗಿಲಿಗೂ ಎಂದು ಬೇರೊಂದು ಮಿಲ್ಲಿನಲ್ಲಿ ಕೊಯ್ಯಿಸಿತು. ಅವರು ಕೇಳಿದ್ದು ಒಂದೂಕಾಲು ಅಂಗುಲದ ಹಲಗೆ. ಬಂದ ಹಲಗೆ ಒಂದು ತುದಿಯಲ್ಲಿ ಒಂದೂವರೆ ಅಂಗುಲ, ನಡುವೆ ಒಂದೇ ಅಂಗುಲ. ಮೈಯೆಲ್ಲ ಕೆರೆಯ ಅಲೆಯಂತೆ ಏರಿಳಿತ. ಬಡಗಿ ಅದನ್ನು ಹತ್ತರಿ ಹೊಡೆದು ಸಮಮಾಡುವಷ್ಟರಲ್ಲಿ ಉಳಿದದ್ದು ಮುಕ್ಕಾಲು ಅಂಗುಲ. ಹೆಬ್ಬಾಗಿಲಿಗೆ ಅದು ಸಾಲಲಿಲ್ಲ. ಮನೆಯ ಯಜಮಾನರು ನಮ್ಮಲ್ಲಿಗೆ ಒಂದು ತುಂಡನ್ನು ತಂದು ಮೇಜಿನ ಮೇಲಿಟ್ಟು, “ನಮ್ಮಪ್ಪ ನೆಟ್ಟಿದ್ ಮರ ಅಯ್ನೋರೆ. ದುಡ್ಡು ಹೋದ್ರೆ ಹೋಗ್ಲಿ, ಮರ ಎಲ್ಲಿಂದ ತರಣ?” ಎಂದರು. ನಮ್ಮ ಮೇಸ್ತ್ರಿಗಳು ಆ ತುಂಡನ್ನು ಬೆಳಕಿಗೆ ಹಿಡಿದು, ಹಲ್ಲಿನ ಗೀರುಗಳ ಮೇಲೆ ಹೆಬ್ಬೆರಳಾಡಿಸಿ, ಹಲ್ಲು ಮೊಂಡಾಗಿತ್ತು, ಮೇಲಿನ ಗೈಡು ಬಹಳ ಎತ್ತರದಲ್ಲಿತ್ತು, ಸಂದಿಯೂ ಸವೆದು ಅಗಲವಾಗಿದ್ದಿರಬೇಕು ಎಂದು ಹೇಳಿದರು. ಮೂರೂ ಒಂದು ಗಂಟೆಯೊಳಗೆ ಸರಿಪಡಿಸಬಹುದಾದ ದೋಷಗಳೇ. ಅರವತ್ತು ವರ್ಷದ ಮರ ಆ ಒಂದು ಗಂಟೆಯ ಅಲಕ್ಷ್ಯಕ್ಕೆ ಆಹುತಿಯಾಯಿತು.

ಇನ್ನು ಗೈಡನ್ನು ಆರಿಸುವ ಬಗೆ. ಗಟ್ಟಿಯಾದದ್ದೇ ಒಳ್ಳೆಯದು, ಸವೆಯದಿರುವುದೇ ಲಾಭ ಎಂದು ಎಲ್ಲರೂ ಭಾವಿಸುವುದು ಸಹಜ. ಗೈಡಿನ ವಿಷಯದಲ್ಲಿ ಈ ಮಾತು ಸಲ್ಲದು. ಗೈಡೂ ಪಟ್ಟಿಯೂ ಉಜ್ಜಿಕೊಂಡಾಗ ಎರಡರಲ್ಲೊಂದು ಸವೆಯಲೇಬೇಕು. ಸವೆಯುವುದು ಅಗ್ಗದ ಗೈಡಾಗಿರಬೇಕೇ ಹೊರತು ಬೆಲೆಬಾಳುವ ಪಟ್ಟಿಯಾಗಿರಬಾರದು. ಗಟ್ಟಿ ಉಕ್ಕಿನ ತುಂಡನ್ನು ಗೈಡಾಗಿ ಕಟ್ಟಿದರೆ ಅದು ವರ್ಷಗಟ್ಟಲೆ ಬಾಳೀತು; ಆದರೆ ಪಟ್ಟಿ ಕಾದು, ಮೈ ಗೀರುಬಿದ್ದು, ಬಿಗಿ ಕಳೆದುಕೊಂಡು ಹಾಳಾಗುತ್ತದೆ. ತನಗೆ ಬಂದ ಉಜ್ಜನ್ನು ತಾನು ಸೈರಿಸಿ ಸವೆಯುವುದು ಗೈಡಿನ ದೋಷವಲ್ಲ, ಅದರ ಕೆಲಸ.

ಹಳೆಯ ಕ್ರಮವೆಂದರೆ ಮರದ ಗೈಡು. ಪಾಶ್ಚಾತ್ಯ ದೇಶಗಳಲ್ಲಿ ಲಿಗ್ನಂ ವಿಟೇ ಎಂಬ ಮರಕ್ಕೆ ಈ ಕೆಲಸದಲ್ಲಿ ದೊಡ್ಡ ಹೆಸರು. ನೀರಿನಲ್ಲಿ ಮುಳುಗುವಷ್ಟು ಭಾರ, ಮೈತುಂಬ ಎಣ್ಣೆಯಂಥ ರಾಳ. ಹತ್ತೊಂಬತ್ತನೆಯ ಶತಮಾನದಲ್ಲಿ ಹಡಗುಗಳ ತಿರುಗುದಂಡಕ್ಕೆ ಇದರದೇ ಬೇರಿಂಗು ಹಾಕುತ್ತಿದ್ದರು. ನಮ್ಮಲ್ಲಿ ಚೆನ್ನಾಗಿ ಒಣಗಿದ ಹುಣಸೆಯ ಚೇಗು, ಜಾಲಿಯ ಚೇಗು ಈ ಕೆಲಸಕ್ಕೆ ಒದಗುತ್ತವೆ. ತುಂಡನ್ನು ಕತ್ತರಿಸುವಾಗ ಮರದ ಅಡ್ಡಗೊಯ್ತದ ಮುಖ, ಎಂದರೆ ನಾರಿನ ತುದಿಗಳು ಕಾಣುವ ಮುಖ, ಪಟ್ಟಿಯ ಕಡೆಗಿರಬೇಕು. ನಾರು ಉದ್ದಕ್ಕೆ ತಾಗಿದರೆ ಬೇಗ ಸೀಳುತ್ತದೆ. ನಮ್ಮ ಮೇಸ್ತ್ರಿಗಳು ಇಂಥ ತುಂಡುಗಳನ್ನು ಎಣ್ಣೆಯಲ್ಲಿ ನೆನೆಯಿಟ್ಟು ಬಳಸುತ್ತಾರೆ. ಮರದ ಗೈಡಿನ ಗುಣವೆಂದರೆ ಮಿಲ್ಲಿನಲ್ಲೇ ಮಾಡಿಕೊಳ್ಳಬಹುದು, ಅಕಸ್ಮಾತ್ತಾಗಿ ಹಲ್ಲು ತಾಗಿದರೂ ಹಲ್ಲು ಉಳಿಯುತ್ತದೆ. ದೋಷವೆಂದರೆ ಬೇಗ ಸವೆಯುತ್ತದೆ, ಮಳೆಗಾಲದಲ್ಲಿ ಉಬ್ಬಿ ಸಂದಿ ಮುಚ್ಚಿಕೊಳ್ಳುತ್ತದೆ.

ಎರಡನೆಯದು, ಬಟ್ಟೆಯನ್ನೋ ಕಾಗದವನ್ನೋ ರಾಳದಲ್ಲಿ ಅದ್ದಿ ಒತ್ತಿ ಮಾಡಿದ ಹಲಗೆ. ಕೆಲಸದವರ ಬಾಯಲ್ಲಿ ಇದು ಹೈಲಂ. ನೀರಿಗೆ ಮರದಷ್ಟು ಉಬ್ಬುವುದಿಲ್ಲ, ಮರಕ್ಕಿಂತ ನಿಧಾನವಾಗಿ ಸವೆಯುತ್ತದೆ, ಗರಗಸಕ್ಕೆ ಮೃದು. ಆದರೆ ಬಿಗಿದು ಕಾಯಿಸಿದರೆ ಸುಟ್ಟ ವಾಸನೆ ಬೀರಿ ಕರಕಾಗುತ್ತದೆ. ಆ ವಾಸನೆ ಬಂದೊಡನೆ ಯಂತ್ರ ನಿಲ್ಲಿಸಬೇಕು. ಮೂರನೆಯದು ಹಿತ್ತಾಳೆ, ಕಂಚುಗಳಂಥ ಉಕ್ಕಿಗಿಂತ ಮೆತ್ತನೆಯ ಲೋಹ; ಇದಕ್ಕೆ ನೀರಿನ ಅಥವಾ ಎಣ್ಣೆಯ ತೇವ ತಪ್ಪಬಾರದು. ನಾಲ್ಕನೆಯದು ತಿರುಗುವ ರೋಲರು. ಉಜ್ಜು ಕಡಮೆಯೆಂಬುದು ದಿಟ. ಆದರೆ ಹಲಸಿನ ಅಂಟೂ ಬೇವಿನ ಗೋಂದೂ ಹೊಟ್ಟಿನೊಡನೆ ಸೇರಿ ರೋಲರಿನ ಮೈಗೆ ಮೆತ್ತಿಕೊಂಡರೆ ಅದು ಗುಂಡಗೆ ತಿರುಗದೆ ಗರಗಸವನ್ನು ಬಡಿಯುತ್ತದೆ, ಬೇರಿಂಗಿನೊಳಕ್ಕೆ ಹೊಟ್ಟು ಸೇರಿ ನಿಂತೂಹೋಗುತ್ತದೆ. ಅಂಟಿನ ಮರಗಳೇ ಹೆಚ್ಚಾಗಿ ಬರುವ ನಮ್ಮ ಕಡೆಯ ಮಿಲ್ಲಿಗೆ ಮರದ ಅಥವಾ ಹೈಲಂ ತುಂಡೇ ಹೊಂದುತ್ತದೆಂಬುದು ನಮ್ಮ ಮೇಸ್ತ್ರಿಗಳ ಅಭಿಪ್ರಾಯ. ಕೆನಡಾ, ಅಮೆರಿಕಗಳ ಭಾರೀ ಮಿಲ್ಲುಗಳಲ್ಲಿ ಗೈಡು ಪಟ್ಟಿಯನ್ನು ಬೇಕೆಂದೇ ಕೊಂಚ ಒತ್ತಿ ನಿಲ್ಲುವಂತೆ ಕಟ್ಟುವ ಕ್ರಮವೂ ಉಂಟು. ದುಂಡು ಗರಗಸಗಳಿಗೆ ಬ್ಯಾಬಿಟ್ ಎಂಬ ಮೆತ್ತನೆಯ ಮಿಶ್ರಲೋಹದ ಗೈಡು ಹಾಕಿ ನೀರೆಣ್ಣೆ ಹರಿಸುವುದೂ ಉಂಟು. ಅದಕ್ಕೆ ತಕ್ಕ ಯಂತ್ರ, ಅದಕ್ಕೆ ತಕ್ಕ ನಿಖರತೆ ಅವರಲ್ಲಿದೆ. ಅದನ್ನು ನೋಡಿ ನಮ್ಮ ಹಳೆಯ ಯಂತ್ರದ ಮೇಲೆ ಗೈಡನ್ನು ಒತ್ತಿ ಕಟ್ಟಿದರೆ ಪಟ್ಟಿಯನ್ನು ಕಳೆದುಕೊಳ್ಳುವುದೇ ಸರಿ.

ಗೈಡನ್ನು ಕೂಡಿಸುವುದರಲ್ಲಿ ಒಂದು ಕ್ರಮವಿದೆ. ಮೊದಲು ವಿದ್ಯುತ್ತು ಕಡಿದಿರಬೇಕು. ಗುಂಡಿ ಒತ್ತಿ ನಿಲ್ಲಿಸಿದರೆ ಸಾಲದು, ಮೇನ್ ಸ್ವಿಚ್ಚನ್ನೇ ಆರಿಸಿ ಫ್ಯೂಸನ್ನು ಕೈಯಲ್ಲಿಟ್ಟುಕೊಳ್ಳಬೇಕು. ಬಳಿಕ ಪಟ್ಟಿಗೆ ತಕ್ಕ ಬಿಗಿ ಕೊಟ್ಟು, ಗಾಲಿಯ ಮೇಲೆ ಅದು ತನ್ನ ಸ್ಥಾನದಲ್ಲಿ ಓಡುವಂತೆ ಮಾಡಿಕೊಳ್ಳಬೇಕು. ಅಲ್ಲಿಯವರೆಗೆ ಗೈಡುಗಳು ದೂರ ಸರಿದಿರಬೇಕು. ಗರಗಸ ತನ್ನ ಸಹಜವಾದ ಗೆರೆಯಲ್ಲಿ ನಿಂತ ಮೇಲೆಯೇ ಗೈಡನ್ನು ಅದರ ಬಳಿಗೆ ತರಬೇಕು. ಇದನ್ನು ನಮ್ಮ ಮೇಸ್ತ್ರಿಗಳು, “ಗೈಡು ಬ್ಲೇಡಿನ ಹತ್ರ ಹೋಗ್ಬೇಕು, ಬ್ಲೇಡು ಗೈಡಿನ ಹತ್ರ ಬರ್ಬಾರ್ದು” ಎನ್ನುತ್ತಾರೆ. ಪಟ್ಟಿಯ ಎರಡು ಮಗ್ಗುಲಲ್ಲೂ ಬರೆಯುವ ಕಾಗದದ ದಪ್ಪದಷ್ಟು ಸಂದಿ ಸಾಕು. ಕಾಗದ ಹರಿಯದೆ ಆಡಬೇಕು, ಸಡಿಲವಾಗಿ ಬೀಳಬಾರದು. ಗೈಡಿನ ಮುಂಚು ಹಲ್ಲುಗಳ ಬುಡದಿಂದ ತುಸು ಹಿಂದೆಯೇ ನಿಲ್ಲಬೇಕು. ದಿಮ್ಮಿ ಒತ್ತಿದಾಗ ಪಟ್ಟಿ ಹಿಂದಕ್ಕೆ ಸರಿಯುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಇಲ್ಲವಾದರೆ ಹಲ್ಲು ಗೈಡಿಗೆ ತಾಗಿ, ಹಲ್ಲಿನ ಎಡಬಲದ ಬಾಗು ಕೆಡುತ್ತದೆ. ಹಿಂದೆ ಆಸರೆಯ ಗಾಲಿ ಇದ್ದರೆ ಅದು ಬರಿದೇ ಓಡುವ ಪಟ್ಟಿಯ ಬೆನ್ನಿಗೆ ತಾಗಕೂಡದು. ದಿಮ್ಮಿ ಒತ್ತಿದಾಗ ಮಾತ್ರ ತಾಗಬೇಕು. ಸದಾ ಉಜ್ಜಿದರೆ ಬೆನ್ನು ಬಿರುಸಾಗಿ ಅಲ್ಲಿಂದಲೇ ಬಿರುಕು ಹುಟ್ಟುತ್ತದೆ.

ಎಲ್ಲರೂ ಮರೆಯುವುದು ಕೆಳಗಿನ ಗೈಡನ್ನು. ಕಟ್ಟೆಯ ಅಡಿಯಲ್ಲಿ ಅದು ಕಣ್ಣಿಗೆ ಬೀಳದು. ಹೊಟ್ಟೆಲ್ಲ ಸುರಿಯುವುದೂ ಅಲ್ಲಿಗೇ. ಹಸಿಮರದ ಒದ್ದೆಹೊಟ್ಟು ಸಂದಿಯಲ್ಲಿ ಗಿಡಿದು ಒಣಗಿ ಕಲ್ಲಿನಂತಾದರೆ ಒಂದು ಮಗ್ಗುಲಿಗೆ ಪಟ್ಟಿಯನ್ನು ತಳ್ಳುತ್ತದೆ. ಮೇಲಿನ ಗೈಡನ್ನು ಎಷ್ಟು ತಿದ್ದಿದರೂ ಹಲಗೆ ನೆಟ್ಟಗಾಗದು. ದಿನದ ಕೊನೆಯಲ್ಲಿ, ಯಂತ್ರ ಪೂರ್ಣ ನಿಂತ ಮೇಲೆ, ಕುಂಚದಿಂದ ಕೆಳಗಿನ ಗೈಡನ್ನು ಗುಡಿಸಿ, ಸೀಮೆಎಣ್ಣೆಯಲ್ಲೋ ಡೀಸೆಲಿನಲ್ಲೋ ಅದ್ದಿದ ಬಟ್ಟೆಯಿಂದ ಅಂಟನ್ನು ಒರೆಸಬೇಕು. ಕೊಯ್ಯುವಾಗ ಪಟ್ಟಿಯ ಮೇಲೆ ನೀರು ತೊಟ್ಟಿಕ್ಕುವಂತೆ ಮಾಡಿಕೊಂಡರೆ ಅಂಟು ಅಷ್ಟಾಗಿ ಕಟ್ಟುವುದಿಲ್ಲ.

ಮರಮರಕ್ಕೂ ಸ್ವಭಾವ ಬೇರೆ. ನೀಲಗಿರಿಯ ದಿಮ್ಮಿ ಬೆಳೆಯುವಾಗಲೇ ಒಳಗೆ ಎಳೆತವನ್ನು ತುಂಬಿಕೊಂಡಿರುತ್ತದೆ. ಕೊಯ್ದಂತೆ ಆ ಎಳೆತ ಬಿಚ್ಚಿಕೊಂಡು ಹಲಗೆ ಬಾಗುತ್ತದೆ, ಕೆಲವೊಮ್ಮೆ ಗರಗಸವನ್ನೇ ಹಿಂಡುತ್ತದೆ. ಅಲ್ಲಿ ಬೆಣೆ ಬೇಕು, ನಿಧಾನ ಬೇಕು. ಗೈಡನ್ನು ಬಿಗಿದರೆ ಪ್ರಯೋಜನವಿಲ್ಲ. ನೀಲಗಿರಿಯನ್ನು ಹೊಸದಾಗಿ ಬೆಳೆಸುವುದನ್ನು ರಾಜ್ಯ ಸರ್ಕಾರವು ೨೦೧೭ರಲ್ಲಿ ನಿಷೇಧಿಸಿತಾದರೂ, ಹಿಂದೆ ನೆಟ್ಟ ತೋಪುಗಳ ಮರ ಆಮೇಲೂ ಮಿಲ್ಲಿಗೆ ಬಂದಿತು. ಬದುವಿನ ಮರಗಳಲ್ಲಿ ಇನ್ನೊಂದು ಅಪಾಯವಿದೆ. ಬೇಲಿಯ ಮುಳ್ಳುತಂತಿ, ದನ ಕಟ್ಟಿದ ಗೂಟದ ಮೊಳೆ, ಫಲಕ ಹೊಡೆದ ಮೊಳೆ ಇವನ್ನು ಮರ ನುಂಗಿಕೊಂಡು ಮೇಲೆ ತೊಗಟೆ ಬೆಳೆಸಿರುತ್ತದೆ. ಹಲ್ಲು ಅದಕ್ಕೆ ತಾಗಿ ಒಂದು ಮಗ್ಗುಲು ಮೊಂಡಾದರೆ, ಗರಗಸ ಹರಿತವಾದ ಮಗ್ಗುಲಿಗೆ ಎಳೆಯುತ್ತದೆ. ಮರದ ಗುಣಗಳನ್ನು ಶಾಸ್ತ್ರೀಯವಾಗಿ ತಿಳಿಯಬಯಸುವವರಿಗೆ ಬೆಂಗಳೂರಿನ ಮಲ್ಲೇಶ್ವರದಲ್ಲಿಯೇ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಿದೆ. ೧೯೩೮ರಲ್ಲಿ ಅರಣ್ಯ ಸಂಶೋಧನಾಲಯವಾಗಿ ಆರಂಭವಾದ ಅದು ೧೯೮೮ರಲ್ಲಿ ಈಗಿನ ರೂಪ ತಳೆಯಿತು.

ಸವೆದ ಗೈಡನ್ನು ಎಸೆಯುವ ಮುನ್ನ ಅದನ್ನು ಓದಬೇಕು. ನಮ್ಮ ಮೇಸ್ತ್ರಿಗಳು ತೆಗೆದ ತುಂಡುಗಳನ್ನು ಕಿಟಕಿಯ ಅಡ್ಡೆಯ ಮೇಲೆ ಸಾಲಾಗಿ ಜೋಡಿಸಿಡುತ್ತಾರೆ. ಒಂದೇ ಮಗ್ಗುಲು ಸವೆದಿದ್ದರೆ ಪಟ್ಟಿ ಆ ಕಡೆಗೆ ವಾಲುತ್ತಿದೆ. ಹಲ್ಲಿನ ಬಾಗನ್ನೂ ಗಾಲಿಯ ಓಟವನ್ನೂ ನೋಡಬೇಕು. ಮುಂಚು ಮಾತ್ರ ತಿಂದಿದ್ದರೆ ಹಲ್ಲು ತಾಗುತ್ತಿದೆ. ಮುಖ ಕರಕಾಗಿದ್ದರೆ ಸಂದಿ ಸಾಲದು. ವಾರಗಟ್ಟಲೆ ಬಾಳುವ ತುಂಡು ಎರಡೇ ದಿನಕ್ಕೆ ಸವೆದರೆ ಗೈಡಿನ ಜಾತಿಯನ್ನು ಬದಲಿಸುವುದು ಮದ್ದಲ್ಲ. ರೋಗ ಬೇರೆಡೆ ಇದೆ. ಮೊಂಡು ಹಲ್ಲಿಗೆ ಸಾಣೆಯೇ ಬೇಕು, ಸಡಿಲ ಪಟ್ಟಿಗೆ ಬಿಗಿಯೇ ಬೇಕು. ಗೈಡು ಒಳ್ಳೆಯ ಗರಗಸವನ್ನು ದಾರಿಯಲ್ಲಿ ಇರಿಸಬಲ್ಲುದು; ಕೆಟ್ಟ ಗರಗಸವನ್ನು ಒಳ್ಳೆಯದಾಗಿ ಮಾಡಲಾರದು. ಬರೆಹದ ಲೆಕ್ಕವನ್ನು ನೋಡಿಕೊಳ್ಳುವ ನಮಗೆ ಆ ಕಿಟಕಿಯ ಅಡ್ಡೆ ಯಂತ್ರದ ಲೆಕ್ಕದ ಪುಸ್ತಕದಂತೆ ಕಾಣುತ್ತದೆ.

ಇಷ್ಟು ತಿಳಿದೂ ಗೈಡು ಎತ್ತರದಲ್ಲೇ ಏಕೆ ಉಳಿಯುತ್ತದೆ? ಇದಕ್ಕೆ ಉತ್ತರ ಯಂತ್ರದಲ್ಲಿಲ್ಲ, ಕೂಲಿಯ ಲೆಕ್ಕದಲ್ಲಿದೆ. ದಪ್ಪ ದಿಮ್ಮಿಯಾದ ಮೇಲೆ ಸಣ್ಣ ದಿಮ್ಮಿ ಬಂದರೆ ಗೈಡನ್ನು ಇಳಿಸಬೇಕು. ಮತ್ತೆ ದಪ್ಪದ್ದು ಬಂದರೆ ಏರಿಸಬೇಕು. ಪ್ರತಿ ಸಲವೂ ನಿಮಿಷ ಹಿಡಿಯುತ್ತದೆ. ಕೊಯ್ದ ಘನ ಅಡಿಗೆ ಇಷ್ಟೆಂದು ಕೂಲಿ ಗೊತ್ತುಮಾಡಿದಾಗ ಆ ನಿಮಿಷಕ್ಕೆ ಕಾಸಿಲ್ಲ. ಆದ್ದರಿಂದ ದಿನದ ಅತಿ ದಪ್ಪ ದಿಮ್ಮಿಯ ಎತ್ತರಕ್ಕೆ ಗೈಡನ್ನು ಒಮ್ಮೆ ಏರಿಸಿ ಬಿಟ್ಟುಬಿಡುವುದು ರೂಢಿಯಾಗುತ್ತದೆ. ಆಗ ಹಲಗೆ ಅಲೆಯಾಗುವುದಷ್ಟೇ ಅಲ್ಲ. ಗೈಡಿಗೂ ದಿಮ್ಮಿಗೂ ನಡುವೆ ಒಂದೂವರೆ ಅಡಿ ಗರಗಸ ಬೆತ್ತಲೆಯಾಗಿ ಓಡುತ್ತಿರುತ್ತದೆ. ಚಕ್ಕೆ ತೆಗೆಯಲು ಚಾಚಿದ ಕೈ ಹೋಗುವುದು ಅಲ್ಲಿಗೇ. ನಮ್ಮ ಸೀಮೆಯ ಒಂದು ಮಿಲ್ಲಿನಲ್ಲಿ ಇಪ್ಪತ್ತೆರಡರ ಹುಡುಗನೊಬ್ಬನು ಹೀಗೆಯೇ ಬಲಗೈಯ ಎರಡು ಬೆರಳುಗಳನ್ನು ಕಳೆದುಕೊಂಡನು. ಯಂತ್ರದ ಅಪಾಯಕರ ಭಾಗಗಳಿಗೆ ಭದ್ರವಾದ ತಡೆಯಿರಬೇಕೆಂದು ೧೯೪೮ರ ಕಾರ್ಖಾನೆ ಕಾಯ್ದೆ ತನ್ನ ೨೧ನೆಯ ಕಲಮಿನಲ್ಲಿಯೇ ವಿಧಿಸಿತ್ತು. ಆದರೆ ಕೆಲಸ ನಡೆಯುವ ಹೊತ್ತಿನಲ್ಲಿ ಗೈಡನ್ನು ಇಳಿಸುವವನು ಕೆಲಸಗಾರನೇ. ಇಳಿಸಲು ಅವನಿಗೆ ಬಿಡುವು ಕೊಡಬೇಕಾದವನು ಯಜಮಾನ.

ಆ ಸುದ್ದಿ ಬಂದ ಸಂಜೆ ತಮ್ಮನ ಮಗನೂ ಮೇಸ್ತ್ರಿಗಳೂ ಬಹಳ ಹೊತ್ತು ಮಾತಾಡಿದರು. “ಗೈಡು ಏರ್ಸಿ ಇಳ್ಸಿ ಮಾಡ್ತಾ ಕೂತ್ರೆ ದಿನಕ್ಕೆ ಎಷ್ಟು ಕೊಯ್ಯಕ್ಕಾಗತ್ತೆ, ಮೇಸ್ತ್ರೀ?” ಎಂದು ಅವನು ಕೇಳಿದನು. “ಕಮ್ಮಿನೇ ಆಗತ್ತೆ ಯಜಮಾನ್ರೆ. ಆ ಕಮ್ಮಿ ಆಗಿದ್ದು ನಮ್ ಕೂಲೀಲಿ ಹಿಡೀಬ್ಯಾಡಿ, ಇಳ್ಸದು ನಾವು ಇಳುಸ್ತೀವಿ” ಎಂದರು ಮೇಸ್ತ್ರಿಗಳು. ತಮ್ಮನ ಮಗ ನಮ್ಮ ಕಡೆ ತಿರುಗಿ, “ದೊಡ್ಡಪ್ಪ, ನೀವೇನಂತೀರಿ?” ಎಂದನು. ಮೇಸ್ತ್ರಿಗಳ ಮಾತಿಗೆ ನಾವು ಸೇರಿಸಬೇಕಾದದ್ದು ಏನೂ ಇರಲಿಲ್ಲ. ಲೆಕ್ಕದ ಪುಸ್ತಕದಲ್ಲಿ ಘನ ಅಡಿಯ ಅಂಕಣವನ್ನು ಹೊಡೆದುಹಾಕಿ ದಿನಗೂಲಿಯ ಅಂಕಣ ಎಳೆಯಲೇ ಎಂದಷ್ಟೇ ಕೇಳಿದೆವು. ಅವನು ಸ್ವಲ್ಪ ಹೊತ್ತು ಯೋಚಿಸಿ ಒಪ್ಪಿದನು. ಕೊಯ್ತ ಒಂದಿಷ್ಟು ತಗ್ಗಿದ್ದು ನಿಜ. ಆದರೆ ಸೊಟ್ಟಾಯಿತೆಂದು ವಾಪಸು ಬರುವ ಹಲಗೆಯೂ, ನಡುವೆ ಹರಿದು ಬೆಸುಗೆಗೆ ಹೋಗುವ ಪಟ್ಟಿಯೂ ಕಡಮೆಯಾದವು. ಕಾಯಕದ ಫಲವನ್ನು ಅಳೆಯುವ ಕೋಲು ತಪ್ಪಾಗಿದ್ದರೆ ಕಾಯಕವೂ ಸೊಟ್ಟಗಾಗುತ್ತದೆಂಬುದನ್ನು ಆ ಎರಡು ಅಂಕಣಗಳು ನಮಗೆ ಕಲಿಸಿದವು.

ಹಳೆಯ ಮಿಲ್ಲುಗಳನ್ನು ಚೆನ್ನಾಗಿ ಇಟ್ಟುಕೊಳ್ಳಬೇಕೆಂಬುದಕ್ಕೆ ಮತ್ತೂ ಒಂದು ಕಾರಣವಿದೆ. ಗೋದಾವರ್ಮನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ೧೯೯೬ರ ಡಿಸೆಂಬರ್ ೧೨ರಂದು ಕೊಟ್ಟ ಆದೇಶದ ಬಳಿಕ ಮರದ ಮಿಲ್ಲುಗಳ ಮೇಲೆ ಕಟ್ಟುನಿಟ್ಟು ಬಂದಿತು. ಕೇಂದ್ರ ಅಧಿಕಾರಯುಕ್ತ ಸಮಿತಿಯ ಪೂರ್ವಾನುಮತಿಯಿಲ್ಲದೆ ಯಾವ ರಾಜ್ಯವೂ ಹೊಸ ಮಿಲ್ಲಿಗೆ ಅವಕಾಶ ಕೊಡಕೂಡದೆಂದು ೨೦೦೨ರ ಅಕ್ಟೋಬರಿನಲ್ಲಿ ಅದೇ ನ್ಯಾಯಾಲಯ ವಿಧಿಸಿತು. ೨೦೧೬ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಮಾರ್ಗಸೂಚಿಯಿಂದ ಈ ಪರಿಶೀಲನೆ ರಾಜ್ಯಮಟ್ಟದ ಸಮಿತಿಗಳ ಕೈಗೆ ಬಂದಿತು. ಕಾಡಿನ ರಕ್ಷಣೆಗೆ ಇದು ಬೇಕಾದದ್ದೇ. ಆದರೆ ಬೇಕೆಂದಾಗ ಹೊಸ ಮಿಲ್ಲು ತೆರೆಯಲಾಗದ ಕಾಲದಲ್ಲಿ, ಪರವಾನಗಿಯುಳ್ಳ ಹಳೆಯ ಮಿಲ್ಲು ಹಳ್ಳಿಯ ಆಸ್ತಿಯಿದ್ದಂತೆ. ಅದನ್ನು ಕೆಡಿಸಿಕೊಂಡರೆ ಬದುವಿನ ಮರವನ್ನು ಹೊತ್ತು ದೂರದ ಊರಿಗೆ ಅಲೆಯಬೇಕಾದೀತು.

ಆದುದರಿಂದ ಮನೆಯ ಮರವನ್ನು ಮಿಲ್ಲಿಗೆ ಒಯ್ಯುವ ಗೃಹಸ್ಥರಲ್ಲಿ ನಮ್ಮ ಅರಿಕೆ ಇಷ್ಟೇ. ಮರದಲ್ಲಿ ಎಲ್ಲೆಲ್ಲಿ ಮೊಳೆ, ತಂತಿ ಇದ್ದವೆಂಬುದನ್ನು ಮನೆಯ ಹಿರಿಯರನ್ನು ಕೇಳಿ ತಿಳಿದು, ಮೇಸ್ತ್ರಿಗೆ ಮೊದಲೇ ಹೇಳಿ. ಕೊಯ್ಯಲು ಆರಂಭಿಸುವ ಮುನ್ನ, ದೂರದಲ್ಲಿಯೇ ನಿಂತು, ಮೇಲಿನ ಗೈಡು ನಿಮ್ಮ ದಿಮ್ಮಿಯ ಸಮೀಪಕ್ಕೆ ಇಳಿದಿದೆಯೇ ನೋಡಿ. ಇಳಿದಿಲ್ಲವಾದರೆ ವಿನಯದಿಂದ ಕೇಳಿ. ಒಳ್ಳೆಯ ಮೇಸ್ತ್ರಿ ಅದಕ್ಕೆ ಬೇಸರಪಡುವುದಿಲ್ಲ, ಸಂತೋಷವನ್ನೇ ಪಡುತ್ತಾನೆ. ಮೊದಲ ಹಲಗೆ ಬಂದೊಡನೆ ಎರಡು ತುದಿಗಳ ಮತ್ತು ನಡುವಿನ ದಪ್ಪವನ್ನು ಅಳೆಯಿರಿ. ಮೂರೂ ಒಂದೇ ಇದ್ದರೆ ಮುಂದುವರಿಯಲಿ. ಇಲ್ಲವಾದರೆ ಉಳಿದ ದಿಮ್ಮಿ ಕೆಡುವ ಮುನ್ನ ನಿಲ್ಲಿಸಲು ಹೇಳಿ. ಗೈಡು ತಿದ್ದಲು ಹಿಡಿಯುವ ಹತ್ತು ನಿಮಿಷಕ್ಕೆ ಆತುರಪಡಿಸಬೇಡಿ, ಆ ಹೊತ್ತಿನ ಕೂಲಿಯನ್ನು ಕೇಳಿದರೆ ಕೊಡಿ. ನಿಮ್ಮ ಹಿರಿಯರು ಆ ಮರಕ್ಕೆ ಅರವತ್ತು ವರ್ಷ ಕೊಟ್ಟಿದ್ದಾರೆ.